ವಲಸಿಗರ ತಾಯಿ ಸಂತ ಕಬ್ರೀನಿ

ದೊಡ್ಡಆಲಹಳ್ಳಿಯಿಂದ ಹೊರದೇಶಕ್ಕೆ ದಾದಿಯಾಗಿ ಹೋದ ಮಗಳು ಅಲ್ಲಿನ ಪೌರತ್ವಕ್ಕೆ ಅರ್ಜಿ ಹಾಕಲೇ ಎಂದು ಕೇಳಿದರೆ ಹೆತ್ತವರ ಮನಸ್ಸು ಅಳುಕದಿರದು. ಅದನ್ನು ಪಡೆದರೆ ಭಾರತದ ಪೌರತ್ವ ಉಳಿಯದು. ಅಂಥ ಹೊತ್ತಿನಲ್ಲಿ ಸಂತ ಫ್ರಾನ್ಸೆಸ್ ಕಬ್ರೀನಿಯವರನ್ನು ನೆನೆಯಿರಿ.

ಇಟಲಿಯಲ್ಲಿ 1850ರಲ್ಲಿ ಹುಟ್ಟಿದ ಈ ಕನ್ಯಾಸ್ತ್ರೀಗೆ ಚೀನಾದಲ್ಲಿ ಸೇವೆ ಮಾಡುವ ಹಂಬಲವಿತ್ತು. ಜಗದ್ಗುರು 13ನೇ ಲಿಯೋರವರು ಅವರನ್ನು ಅಮೆರಿಕದಲ್ಲಿದ್ದ ಬಡ ಇಟಲಿ ವಲಸಿಗರ ಬಳಿಗೆ ಕಳುಹಿಸಿದರು. 1889ರಲ್ಲಿ ನ್ಯೂಯಾರ್ಕಿಗೆ ಬಂದಿಳಿದಾಗ ಅಲ್ಲಿನ ಮಹಾಧರ್ಮಾಧ್ಯಕ್ಷರೇ ಹಿಂತಿರುಗುವಂತೆ ಹೇಳಿದರು. ಅವರು ಹಿಂತಿರುಗಲಿಲ್ಲ. ಬಾಲ್ಯದಿಂದಲೂ ನೀರೆಂದರೆ ಹೆದರುತ್ತಿದ್ದವರು ಅಟ್ಲಾಂಟಿಕ್ ಸಾಗರವನ್ನು ಇಪ್ಪತ್ತಕ್ಕೂ ಹೆಚ್ಚು ಸಲ ದಾಟಿದರು; ಶಾಲೆ, ಆಸ್ಪತ್ರೆ, ಅನಾಥಾಲಯಗಳೆಂದು 67 ಸಂಸ್ಥೆಗಳನ್ನು ಕಟ್ಟಿದರು. 1909ರಲ್ಲಿ, ತಮ್ಮ 59ನೇ ವಯಸ್ಸಿನಲ್ಲಿ, ಸಿಯಾಟಲ್ ನಗರದಲ್ಲಿ ಅಮೆರಿಕದ ಪೌರತ್ವ ಪಡೆದರು. 1917ರಲ್ಲಿ ಶಿಕಾಗೋದಲ್ಲಿ ದೈವಾಧೀನರಾದರು. 1946ರಲ್ಲಿ ಸಂತ ಪದವಿಗೇರಿದಾಗ ಅಮೆರಿಕದ ಪೌರರಲ್ಲಿ ಅವರೇ ಮೊದಲಿಗರು. 1950ರಲ್ಲಿ ಧರ್ಮಸಭೆ ಅವರನ್ನು ವಲಸಿಗರ ಪಾಲಕ ಸಂತರೆಂದು ಸಾರಿತು.

ಹೊಸ ನಾಡಿನವರಾದರೂ ಅವರು ತಮ್ಮವರನ್ನು ಕೈಬಿಡಲಿಲ್ಲ. ಆದ್ದರಿಂದ ಮಗಳಿಗೆ ಬೇಡ ಎನ್ನುವ ಮುನ್ನ, ಅಲ್ಲಿ ಅವಳ ಸೇವೆ ಯಾರಿಗೆ ಬೇಕಾಗಿದೆ ಎಂದು ಕೇಳಿ. ಉತ್ತರ ದೊರೆತರೆ ಜಪಸರ ಕೊಟ್ಟು ಹರಸಿ. ಪಾಸ್‌ಪೋರ್ಟ್ ಬದಲಾದೀತು, ದೀಕ್ಷಾಸ್ನಾನದಲ್ಲಿ ದೊರೆತ ಪೌರತ್ವ ಬದಲಾಗದು.