ಮನಶ್ಶಾಸ್ತ್ರಜ್ಞ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು

ಆಕಾಶವಾಣಿ ಎಂಬ ಹೆಸರನ್ನು ಕೇಳದವರು ಕನ್ನಡ ನಾಡಿನಲ್ಲಿ ಇರಲಾರರು. ಆದರೆ ಆ ಹೆಸರಿನ ನಿಲಯವನ್ನು ಮೈಸೂರಿನಲ್ಲಿ ಮೊದಲು ಸ್ಥಾಪಿಸಿದ ಮಹನೀಯರು ಇಂಜಿನಿಯರೂ ಅಲ್ಲ, ವರ್ತಕರೂ ಅಲ್ಲ, ಮನಶ್ಶಾಸ್ತ್ರದ ಉಪಾಧ್ಯಾಯರು ಎಂಬುದನ್ನು ಬಲ್ಲವರು ವಿರಳ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ಕಡೆಯ ನಮ್ಮ ಬಾಲಿಕೆಯರಲ್ಲಿ ಮನಶ್ಶಾಸ್ತ್ರವನ್ನು ಓದಬೇಕೆಂಬ ಅಭಿಲಾಷೆಯುಳ್ಳವರು ಈಚೆಗೆ ಹೆಚ್ಚುತ್ತಿದ್ದಾರೆ. ಅದನ್ನು ಕೇಳಿದ ತಂದೆತಾಯಿಗಳಾದರೋ, ಆ ವಿದ್ಯೆಯಿಂದ ಹೊಟ್ಟೆಪಾಡು ನಡೆದೀತೇ, ಅದಕ್ಕೆ ಎಷ್ಟು ವರ್ಷಗಳು ಹಿಡಿದಾವು, ಎಲ್ಲಿಗೆ ಕಳುಹಿಸಬೇಕು ಎಂದು ಚಿಂತಿಸುತ್ತಾರೆ. ಆ ಚಿಂತೆಯು ನ್ಯಾಯವಾದುದೇ. ಇಂತಹವರಿಗೆ ಉಪಯುಕ್ತವಾದೀತೆಂದು ಗೋಪಾಲಸ್ವಾಮಿಯವರ ಚರಿತ್ರೆಯನ್ನು ಇಲ್ಲಿ ಬರೆಯಲಾಗಿದೆ.

ಗೋಪಾಲಸ್ವಾಮಿಯವರು ಜನಿಸಿದುದು 1896ರಲ್ಲಿ. ಆಗ ನಮ್ಮ ದೇಶದಲ್ಲಿ ಮನಶ್ಶಾಸ್ತ್ರವು ಸ್ವತಂತ್ರವಾದ ವಿದ್ಯೆಯಾಗಿರಲಿಲ್ಲ. ತತ್ತ್ವಶಾಸ್ತ್ರದ ಮನೆಯಲ್ಲಿ ಬಾಡಿಗೆಗಿದ್ದಂತೆ ತರ್ಕ, ನೀತಿಶಾಸ್ತ್ರಗಳೊಡನೆ ಒಂದು ಮೂಲೆಯಲ್ಲಿ ವಾಸವಾಗಿದ್ದಿತು. ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ವುಂಟ್ ಎಂಬ ಪಂಡಿತನು 1879ರಲ್ಲಿಯೇ ಮನಸ್ಸಿನ ವ್ಯಾಪಾರಗಳನ್ನು ಪ್ರಯೋಗಶಾಲೆಯಲ್ಲಿ ಅಳೆಯಲು ಆರಂಭಿಸಿದ್ದನು. ಆ ಗಾಳಿಯು ಭಾರತಕ್ಕೆ ಬೀಸಿದುದು ಬಹಳ ತಡವಾಗಿ. 1905ರಲ್ಲಿ ಕಲ್ಕತ್ತೆಯ ವಿಶ್ವವಿದ್ಯಾನಿಲಯಕ್ಕಾಗಿ ಆಚಾರ್ಯ ಬ್ರಜೇಂದ್ರನಾಥ ಶೀಲರು ಪ್ರಾಯೋಗಿಕ ಮನಶ್ಶಾಸ್ತ್ರದ ಪಾಠಕ್ರಮವನ್ನು ರಚಿಸಿದರು. ಪ್ರತ್ಯೇಕ ವಿಭಾಗವು ಅಲ್ಲಿ ತೆರೆದುದು ಅನಂತರ ಸುಮಾರು ಹತ್ತು ವರ್ಷಗಳಾದ ಮೇಲೆ. ಆದುದರಿಂದ ಈ ವಿದ್ಯೆಯನ್ನು ಮೂಲದಲ್ಲಿಯೇ ಅರಿಯಬೇಕೆಂಬ ಯುವಕನು ಸಮುದ್ರವನ್ನು ದಾಟಬೇಕಾಗಿದ್ದಿತು. ಗೋಪಾಲಸ್ವಾಮಿಯವರು ದಾಟಿದರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ನನ ಶಿಷ್ಯರಾಗಿ 1923ರಲ್ಲಿ ಡಾಕ್ಟರ್ ಪದವಿಯನ್ನು ಪಡೆದರು.

ಈ ಗುರುವಿನ ವಿಷಯವಾಗಿ ಕೊಂಚ ಹೇಳದೆ ಮುಂದುವರಿಯಲಾಗದು. ಸ್ಪಿಯರ್‌ಮನ್ನನು ಮೊದಲು ಸೈನ್ಯದ ಅಧಿಕಾರಿ. ಮೂವತ್ತನಾಲ್ಕು ವರ್ಷದವನಾದ ಮೇಲೆ, 1897ರಲ್ಲಿ, ಕತ್ತಿಯನ್ನು ಕೆಳಗಿಟ್ಟು ಲೈಪ್‌ಜಿಗ್ಗಿಗೆ ಹೋಗಿ ವುಂಟನ ಬಳಿ ವಿದ್ಯಾರ್ಥಿಯಾದನು. ನಡುವೆ ದಕ್ಷಿಣ ಆಫ್ರಿಕದ ಯುದ್ಧ ಬಂದು ಮತ್ತೆ ಸೈನ್ಯಕ್ಕೆ ಕರೆಯಾಯಿತು, ಓದು ನಿಂತಿತು. ಡಾಕ್ಟರ್ ಪದವಿಯು ಕೈಸೇರಿದುದು 1906ರಲ್ಲಿ, ನಲವತ್ತು ದಾಟಿದ ಬಳಿಕ. ಅಷ್ಟರೊಳಗೆ, 1904ರಲ್ಲಿ, ಅವನು ತನ್ನ ಪ್ರಸಿದ್ಧವಾದ ಲೇಖನವನ್ನು ಪ್ರಕಟಿಸಿದ್ದನು. ಒಂದು ಪಾಠದಲ್ಲಿ ಚೆನ್ನಾಗಿರುವ ಮಗುವು ಇತರ ಪಾಠಗಳಲ್ಲಿಯೂ ಪ್ರಾಯಶಃ ಚೆನ್ನಾಗಿರುವುದೆಂಬುದನ್ನು ಅಂಕಿಗಳಿಂದ ತೋರಿಸಿ, ಎಲ್ಲ ಬುದ್ಧಿಕಾರ್ಯಗಳ ಹಿಂದೆ ಸಾಮಾನ್ಯವಾದೊಂದು ಶಕ್ತಿಯಿದೆಯೆಂದು ಅದರಲ್ಲಿ ವಾದಿಸಿದನು. ಈ ವಾದವನ್ನು ಒಪ್ಪದ ಪಂಡಿತರು ಇಂದಿಗೂ ಉಂಟು. ಅದು ಹೇಗಾದರೂ ಇರಲಿ, ಮದುವೆಯಿಂದಲೋ ಮನೆಯ ತೊಂದರೆಯಿಂದಲೋ ಓದು ನಿಂತುಹೋದ ನಮ್ಮ ಹಳೆಯ ವಿದ್ಯಾರ್ಥಿನಿಯರು ಸ್ಪಿಯರ್‌ಮನ್ನನ ವಯಸ್ಸಿನ ಲೆಕ್ಕವನ್ನು ನೆನಪಿನಲ್ಲಿಡುವುದು ಒಳ್ಳೆಯದು. ಅವನ ಶಾಸ್ತ್ರವೆಲ್ಲ ನಿಂತಿದ್ದುದು ಗಣಿತದ ಮೇಲೆ ಎಂಬುದನ್ನಂತೂ, ಗಣಿತಕ್ಕೆ ಹೆದರಿ ಮನಶ್ಶಾಸ್ತ್ರವನ್ನು ಆರಿಸಿಕೊಳ್ಳುವ ಹುಡುಗಿಯರು ಮೊದಲೇ ತಿಳಿದಿರಬೇಕು.

ಶಿಷ್ಯರು ಲಂಡನ್ನಿನಲ್ಲಿ ವಿಚಾರಿಸಿದ ವಿಷಯವು ಅಂಗಚಲನೆಯ ಕಲಿಕೆಯಲ್ಲಿ ಬುದ್ಧಿಯ ಪಾತ್ರವೆಷ್ಟು ಎಂಬುದು. ಆ ಲೇಖನವು 1924ರಲ್ಲಿ ಬ್ರಿಟಿಷ್ ಮನಶ್ಶಾಸ್ತ್ರ ಪತ್ರಿಕೆಯಲ್ಲಿ ಅಚ್ಚಾಯಿತು. ಇಂತಹ ಕಲಿಕೆಯನ್ನು ಅಳೆಯುವ ಒಂದು ಪ್ರಯೋಗವನ್ನು ಮನೆಯಲ್ಲಿಯೂ ಮಾಡಿನೋಡಬಹುದು. ಕಾಗದದ ಮೇಲೆ ನಕ್ಷತ್ರವೊಂದನ್ನು ಬರೆದು, ಕೈಯು ನೇರವಾಗಿ ಕಾಣದಂತೆ ಮರೆಮಾಡಿ, ಎದುರಿಗೆ ಕನ್ನಡಿಯನ್ನಿಟ್ಟು, ಅದರಲ್ಲಿ ಕಾಣುವ ಬಿಂಬವನ್ನು ಮಾತ್ರ ನೋಡುತ್ತ ಗೆರೆಯ ಮೇಲೆ ಪೆನ್ಸಿಲನ್ನು ನಡೆಸಬೇಕು. ಮೊದಲ ಸಲ ಕೈಯು ಮೇಲಕ್ಕೆಂದರೆ ಕೆಳಕ್ಕೆ ಹೋಗುತ್ತದೆ. ಎಂಥ ಜಾಣರೂ ಬೆವರುತ್ತಾರೆ. ಐದಾರು ಸಲ ಮಾಡುವುದರೊಳಗೆ ತಪ್ಪುಗಳೂ ಕಾಲವೂ ಇಳಿಯುತ್ತವೆ. ಆ ಇಳಿತವನ್ನು ಪಟ್ಟಿಮಾಡಿದರೆ ಕಲಿಕೆಯೆಂಬುದು ಕಣ್ಣಿಗೆ ಕಾಣುವ ಗೆರೆಯಾಗುತ್ತದೆ.

ಈ ವೇಳೆಗೆ ಶೀಲರು ಮೈಸೂರಿಗೆ ಬಂದು 1921ರಿಂದ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದರು. ಹತ್ತೊಂಬತ್ತು ವರ್ಷಗಳ ಹಿಂದೆ ಕಲ್ಕತ್ತೆಗೆ ಪಾಠಕ್ರಮವನ್ನು ಬರೆದುಕೊಟ್ಟವರ ಆಡಳಿತದಲ್ಲಿಯೇ 1924ರಲ್ಲಿ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗವು ಆರಂಭವಾಗಿ, ಅದರ ಭಾರವು ಗೋಪಾಲಸ್ವಾಮಿಯವರ ಮೇಲೆ ಬಿದ್ದಿತು. ಭಾರತದಲ್ಲಿ ಕಲ್ಕತ್ತೆಯ ತರುವಾಯ ಇದು ಎರಡನೆಯದು. ನಮ್ಮ ಪ್ರಾಂತದ ವಿದ್ಯಾರ್ಥಿಯೊಬ್ಬನು ಆಗ ಈ ಪಾಠವನ್ನು ಬಯಸಿದ್ದರೆ, ಪಾವಗಡದಿಂದ ಮಧುಗಿರಿ, ಕೊರಟಗೆರೆಗಳ ಮಾರ್ಗವಾಗಿ ತುಮಕೂರಿಗೆ ಇಳಿದು, ರೈಲಿನಲ್ಲಿ ಬೆಂಗಳೂರನ್ನು ಸೇರಿ, ಅಲ್ಲಿಂದ ಮತ್ತೆ ಮೈಸೂರಿಗೆ ಹೋಗಬೇಕಾಗಿದ್ದಿತು. ವಿಜ್ಞಾನವು ಬೆಂಗಳೂರಿಗೂ ಕಲಾಶಾಸ್ತ್ರಗಳು ಮೈಸೂರಿಗೂ ಹಂಚಿಹೋಗಿದ್ದ ಕಾಲವದು. ಹೆಣ್ಣುಮಕ್ಕಳ ಪಾಲಿಗೆ ಆ ದೂರವು ಮೈಲಿಗಳ ದೂರ ಮಾತ್ರವಾಗಿರಲಿಲ್ಲ.

ಮನಸ್ಸಿನ ವಿಚಾರದಲ್ಲಿ ಮುಳುಗಿದ್ದವರು ರೇಡಿಯೋವಿನ ಗೊಡವೆಗೆ ಹೋದುದೇಕೆ? ಕಲಿಕೆಯು ತರಗತಿಯ ನಾಲ್ಕು ಗೋಡೆಗಳಿಗೆ ಸೇರಿದುದಲ್ಲವೆಂದು ಬಗೆದವರಿಗೆ ಅದು ಸಹಜವೇ ಎಂದು ನಮಗೆ ತೋರುತ್ತದೆ. 1935ನೆಯ ಸೆಪ್ಟೆಂಬರ್ 10ರಂದು ತಮ್ಮ ನಿವಾಸವಾದ ವಿಠಲ ವಿಹಾರದಿಂದ, 30 ವ್ಯಾಟುಗಳ ಚಿಕ್ಕದೊಂದು ಯಂತ್ರದಿಂದ, ಪ್ರಸಾರವನ್ನು ಆರಂಭಿಸಿದರು. ಹಿಂದೆ ಮನೆಯ ಒಂದು ದೀಪಕ್ಕೆ ಬೇಕಾಗುತ್ತಿದ್ದಷ್ಟು ಶಕ್ತಿ ಅದು. ಪ್ರೊಫೆಸರರ ಸ್ವಂತ ಸಾಹಸವಾಗಿ ಮೊದಲಾದ ನಿಲಯವನ್ನು 1940ರ ದಶಕದ ಆರಂಭದಲ್ಲಿ ಮೈಸೂರು ಸರ್ಕಾರವು ವಹಿಸಿಕೊಂಡಿತು. ಅದು ಬೆಂಗಳೂರಿಗೆ ವರ್ಗವಾದುದು 1955ರಲ್ಲಿ. ಆಕಾಶವಾಣಿ ಎಂಬ ಹೆಸರು ಮುಂದೆ ಭಾರತದ ರೇಡಿಯೋ ಸಂಸ್ಥೆಗೇ ಸಂದಿತು. ಈ ಕೀರ್ತಿಯ ಬೆಳಕಿನಲ್ಲಿ ಅವರ ದೀರ್ಘಕಾಲದ ಪಾಠಪ್ರವಚನವು ಮಸುಕಾಗಿರುವುದು ಸ್ವಲ್ಪ ವ್ಯಸನದ ಸಂಗತಿ. ಕಾಲಕ್ರಮದಲ್ಲಿ ಅವರು ಮಹಾರಾಜಾ ಕಾಲೇಜಿನ ಪ್ರಿನ್ಸಿಪಾಲರೂ ಆದರು.

ಅವರ ಜೀವಿತದ ಕೊನೆಯ ವರ್ಷಗಳಲ್ಲಿ ಈ ವಿದ್ಯೆಗೆ ಮತ್ತೊಂದು ಬಾಗಿಲು ತೆರೆಯಿತು. 1954ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿಯವರ ನಿರ್ದೇಶನದಲ್ಲಿ ಸ್ಥಾಪಿತವಾಯಿತು. ಮರುವರ್ಷದಿಂದ ವೈದ್ಯರಿಗೆ ಒಂದು, ಮನಶ್ಶಾಸ್ತ್ರವನ್ನು ಓದಿದವರಿಗೆ ಇನ್ನೊಂದು ಶಿಕ್ಷಣವು ಅಲ್ಲಿ ಆರಂಭವಾಯಿತು. 1974ರಲ್ಲಿ ಅದು ನಿಮ್ಹಾನ್ಸ್ ಎಂಬ ಹೆಸರನ್ನು ಪಡೆಯಿತು. ಈ ಎರಡು ಶಿಕ್ಷಣಗಳ ಭೇದವನ್ನು ತಂದೆತಾಯಿಗಳು ಅನೇಕರು ಅರಿಯರು. ಔಷಧವನ್ನು ಕೊಡುವ ಮನೋವೈದ್ಯರಾಗಲು ಮೊದಲು ಎಂ.ಬಿ.ಬಿ.ಎಸ್. ಮುಗಿಸಬೇಕು. ಪರೀಕ್ಷೆಗಳಿಂದಲೂ ಸಮಾಲೋಚನೆಯಿಂದಲೂ ಚಿಕಿತ್ಸೆ ಮಾಡುವ ಮನಶ್ಶಾಸ್ತ್ರಜ್ಞರಾಗಲು ಆ ದಾರಿ ಬೇಕಿಲ್ಲ. ಪದವಿಪೂರ್ವದಲ್ಲಿ ಕಲೆ, ವಾಣಿಜ್ಯ, ವಿಜ್ಞಾನಗಳಲ್ಲಿ ಯಾವುದನ್ನು ಓದಿದವರೂ ಮನಶ್ಶಾಸ್ತ್ರವಿರುವ ಬಿ.ಎ. ತರಗತಿಯನ್ನು ಸೇರಬಹುದು. ಆದರೆ ಈ ಪಾಠವು ಎಲ್ಲ ಕಾಲೇಜುಗಳಲ್ಲಿಯೂ ಇಲ್ಲದಿರುವುದರಿಂದ, ಎಲ್ಲಿದೆಯೆಂದು ಸೇರುವುದಕ್ಕೆ ಮುಂಚೆಯೇ ವಿಚಾರಿಸಬೇಕು. ಬಿ.ಎ.ಗೆ ನಿಲ್ಲಿಸಿದವರಿಗೆ ಈ ವೃತ್ತಿಯು ದೊರೆಯದು; ಸ್ನಾತಕೋತ್ತರ ಪದವಿಯೂ ಬೇಕು. ರೋಗಿಗಳಿಗೆ ಚಿಕಿತ್ಸೆ ಮಾಡುವವರಿಗಂತೂ, 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆಯು ಹುಟ್ಟಿದಂದಿನಿಂದ, ಮಾನ್ಯತೆಯುಳ್ಳ ಸಂಸ್ಥೆಯಲ್ಲಿ ತರಬೇತಿಯೂ ಪರಿಷತ್ತಿನಲ್ಲಿ ನೋಂದಣಿಯೂ ಅವಶ್ಯಕವಾಗಿವೆ. ತರಬೇತಿಯ ಹೆಸರೂ ಅವಧಿಯೂ ಆಗಾಗ ಬದಲಾಗುತ್ತಿರುವುದರಿಂದ, ಹಣವನ್ನು ಕಟ್ಟುವ ವರ್ಷದಲ್ಲಿಯೇ ಆ ಸಂಸ್ಥೆಗೆ ಮಾನ್ಯತೆಯಿದೆಯೇ ಎಂಬುದನ್ನು ಪರಿಷತ್ತಿನ ಪಟ್ಟಿಯಲ್ಲಿ ನೋಡಿಕೊಳ್ಳತಕ್ಕದ್ದು. ಹೈಸ್ಕೂಲಿನ ಬಾಗಿಲಿನಿಂದ ಲೆಕ್ಕ ಹಾಕಿದರೆ ಹತ್ತು ವರ್ಷಗಳ ಸುಮಾರಿನ ಪಯಣ. ದೀರ್ಘವೇ ಸರಿ. ಆದರೆ ಬುದ್ಧಿಭ್ರಮಣೆಯಾದವರನ್ನು ಕಟ್ಟಿಹಾಕುವ, ಇಲ್ಲವೇ ಗ್ರಹವೆಂದು ಭಾವಿಸಿ ಊರೂರು ಅಲೆಸುವ ಮನೆಗಳು ನಮ್ಮ ಹಳ್ಳಿಗಳಲ್ಲಿ ಇನ್ನೂ ಇಲ್ಲದಿಲ್ಲ. ತೆಲುಗನ್ನೂ ಕನ್ನಡವನ್ನೂ ಸಮನಾಗಿ ಆಡುವ ಪಾವಗಡದ ಹುಡುಗಿಯೊಬ್ಬಳು ಅವರ ಮಾತಿನಲ್ಲಿಯೇ ಅವರನ್ನು ವಿಚಾರಿಸಬಲ್ಲವಳಾದರೆ, ನಗರದಿಂದ ಬಂದ ಪಂಡಿತರಿಗೆ ತಿಳಿಯದುದು ಅವಳಿಗೆ ತಿಳಿದೀತು.

ಗೋಪಾಲಸ್ವಾಮಿಯವರು 1957ರಲ್ಲಿ ಕಾಲವಶರಾದರು. ಅವರು ಕಟ್ಟಿದ ವಿಭಾಗವು ಅನಂತರ ಮಾನಸಗಂಗೋತ್ರಿಯನ್ನು ಸೇರಿ ಇಂದಿಗೂ ಅಲ್ಲಿ ಪಾಠ ಹೇಳುತ್ತಿದೆ. ಮೈಸೂರಿಗೆ ಯಾತ್ರೆಗಾಗಿ ಹೋಗುವ ನಮ್ಮ ಕಡೆಯ ಕುಟುಂಬಗಳು ಅರಮನೆ, ಮೃಗಾಲಯಗಳೊಡನೆ ಅದನ್ನೂ ಮಕ್ಕಳಿಗೆ ಒಮ್ಮೆ ತೋರಿಸಬಹುದು.