ಮುಂಡರಗಿ ಭೀಮರಾಯರು ಮತ್ತು ಆಯುಧದ ಹಕ್ಕು

ಕಪ್ಪತಗುಡ್ಡದ ಆಸುಪಾಸಿನ ರೈತನಿಗೆ ಚಿರತೆ, ತೋಳ, ಕಾಡುಹಂದಿಗಳ ಭಯ ಹೊಸದಲ್ಲ. ರಾತ್ರಿ ಹೊಲ ಕಾಯುವವನಿಗೆ ಆಯುಧವೂ ನೇಗಿಲಿನಂತೆ ಬದುಕಿನ ಸಾಧನ. ಅದಕ್ಕೆ ಪರವಾನಗಿ ಬೇಕೆಂದು 1857ರ ಶಸ್ತ್ರಾಸ್ತ್ರ ಕಾಯ್ದೆ ವಿಧಿಸಿತು. ಸರ್ಕಾರಕ್ಕಿದ್ದುದು ಕಾಡುಮೃಗಗಳ ಚಿಂತೆಯಲ್ಲ, ಬಂಡಾಯದ ಭೀತಿ.

ಬ್ರಿಟಿಷರ ಆಡಳಿತದಲ್ಲೇ ಅಧಿಕಾರಿಯಾಗಿದ್ದ ಮುಂಡರಗಿ ಭೀಮರಾಯರು ಆ ಸರ್ಕಾರಕ್ಕೇ ತಿರುಗಿ ನಿಂತರು. ಕಾರಣಗಳು ಹಲವು, ನಿಶ್ಶಸ್ತ್ರೀಕರಣ ಅವುಗಳಲ್ಲಿ ಪ್ರಮುಖವಾದದ್ದು. 1858ರ ಮೇ ತಿಂಗಳಲ್ಲಿ ಹಮ್ಮಿಗಿಯ ಕೆಂಚನಗೌಡರಲ್ಲಿದ್ದ ಆಯುಧಗಳು ಮುಟ್ಟುಗೋಲಾದಾಗ ಭೀಮರಾಯರು ಕಾವಲಿನವರ ಮೇಲೆ ಎರಗಿದರು. ಡಂಬಳದ ಖಜಾನೆಯನ್ನು ವಶಪಡಿಸಿಕೊಂಡು ಕೊಪ್ಪಳದ ಕೋಟೆ ಸೇರಿದರು. ಜೂನ್ 1ರಂದು ಅಲ್ಲಿಯೇ ಹೋರಾಡುತ್ತ ಮಡಿದರು.

ಸ್ವತಂತ್ರ ಭಾರತದ 1959ರ ಕಾಯ್ದೆಯೂ ಪರವಾನಗಿಯನ್ನು ಉಳಿಸಿಕೊಂಡಿತು. ಬೆಳೆ ರಕ್ಷಣೆಗೆ ನಾಡಬಂದೂಕು ಹೊಂದಲು ಅವಕಾಶವನ್ನೂ ಇತ್ತಿತು. ಪ್ರಾಣರಕ್ಷಣೆಗಾಗಿ ಸದ್ಭಾವನೆಯಿಂದ ವನ್ಯಮೃಗವನ್ನು ಕೊಲ್ಲುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧವಲ್ಲ. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು, ಅದು ಆಗಲೇಬೇಕಿತ್ತು.

ಆಡಳಿತದಲ್ಲಿ ದುಡಿದ ನಾನು ಪ್ರತಿ ಹೆಗಲಿಗೂ ಬಂದೂಕು ಬೇಕೆಂದು ವಾದಿಸಲಾರೆ. ಆದರೆ ರೈತನ ಆಯುಧಕ್ಕೆ ಅಂಕುಶ ಹಾಕುವ ಸರ್ಕಾರ ಅವನ ರಕ್ಷಣೆಯ ಹೊಣೆಯನ್ನೂ ಹೊರಬೇಕು. ಕರೆದಾಗ ಅರಣ್ಯ ಸಿಬ್ಬಂದಿ ಬರಬೇಕು, ನಷ್ಟಕ್ಕೆ ಪರಿಹಾರ ಸಕಾಲದಲ್ಲಿ ಸಿಗಬೇಕು. ಭೀಮರಾಯರ ಕಾಲದ ಸರ್ಕಾರ ಆಯುಧವನ್ನಷ್ಟೇ ಕಸಿದುಕೊಂಡಿತು, ಹೊಣೆಯನ್ನು ಹೊರಲಿಲ್ಲ.