ಬಾಗಪತ್ ಕ್ಷೇತ್ರ ಮತ್ತು ಚೌಧರಿ ಚರಣ್ ಸಿಂಗ್

ಪ್ರತಿ ವರ್ಷ ಡಿಸೆಂಬರ್ 23ನ್ನು ರೈತ ದಿನವೆಂದು ಆಚರಿಸುತ್ತೇವೆ. ಅದು ಚೌಧರಿ ಚರಣ್ ಸಿಂಗರ ಜನ್ಮದಿನ. ಆರು ತಿಂಗಳೂ ತುಂಬದಂತೆ ಪ್ರಧಾನಿಯಾಗಿದ್ದವರ ಹೆಸರಿನಲ್ಲಿ ರೈತರ ದಿನ ಏಕೆ ಎಂದು ಕೆಲವು ರೈತ ಬಾಂಧವರು ಕೇಳುವುದುಂಟು. ಅದು ತಿಳಿಯಬೇಕಾದರೆ ಉತ್ತರ ಪ್ರದೇಶದ ಬಾಗಪತ್ ಲೋಕಸಭಾ ಕ್ಷೇತ್ರದ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

ಬಾಗಪತ್ ದೆಹಲಿಗೆ ಹತ್ತಿರದ ಸೀಮೆ. ಯಮುನಾ ಮತ್ತು ಹಿಂಡನ್ ನದಿಗಳ ನಡುವಣ ಮೆಕ್ಕಲು ಮಣ್ಣು, ಕಾಲುವೆ ಹಾಗೂ ಕೊಳವೆಬಾವಿಯ ನೀರು, ಮುಖ್ಯ ಬೆಳೆ ಕಬ್ಬು ಮತ್ತು ಗೋಧಿ.

ಚರಣ್ ಸಿಂಗರು 1902ರಲ್ಲಿ ಅಂದಿನ ಮೀರತ್ ಜಿಲ್ಲೆಯ ನೂರ್‌ಪುರದಲ್ಲಿ, ಗೇಣಿದಾರರ ಮನೆಯಲ್ಲಿ ಹುಟ್ಟಿದರು. ಆಗ್ರಾದಲ್ಲಿ ಬಿ.ಎಸ್ಸಿ., ಎಂ.ಎ. ಓದಿ, ಕಾನೂನು ಪದವಿಯನ್ನೂ ಪಡೆದು, ಗಾಜಿಯಾಬಾದಿನಲ್ಲಿ ವಕೀಲರಾದರು. 1937ರಲ್ಲಿ ಛಪ್ರೌಲಿ ಭಾಗದಿಂದ ಪ್ರಾಂತ್ಯದ ಶಾಸನಸಭೆಗೆ ಆಯ್ಕೆಯಾದರು. ಈ ಛಪ್ರೌಲಿ ಮುಂದೆ ಬಾಗಪತ್ ಲೋಕಸಭಾ ಕ್ಷೇತ್ರಕ್ಕೆ ಸೇರಿತು.

ಅವರ ನಿಜವಾದ ಕೆಲಸ ಸ್ವಾತಂತ್ರ್ಯದ ನಂತರದ್ದು. ಉತ್ತರ ಪ್ರದೇಶದ ಜಮೀನ್ದಾರಿ ರದ್ದಿಯಾತಿ ಕಾಯಿದೆ 1952ರ ಜುಲೈನಲ್ಲಿ ಜಾರಿಗೆ ಬಂತು. ಅದನ್ನು ರೂಪಿಸಿದವರಲ್ಲಿ ಅವರು ಪ್ರಮುಖರು, ಆಚರಣೆಗೆ ತಂದ ಕಂದಾಯ ಮಂತ್ರಿಯೂ ಅವರೇ. ಮರು ವರ್ಷ ಪಟವಾರಿಗಳು, ಅಂದರೆ ಶ್ಯಾನುಭೋಗರಂತೆ ಪಹಣಿ ಬರೆಯುವವರು, ಸುಮಾರು 27 ಸಾವಿರ ಮಂದಿ ಒಟ್ಟಾಗಿ ರಾಜೀನಾಮೆ ಕೊಟ್ಟರು. ಸರ್ಕಾರ ಬಗ್ಗುತ್ತದೆಂದು ಎಣಿಸಿದ್ದರು. ಚರಣ್ ಸಿಂಗರು ರಾಜೀನಾಮೆ ಅಂಗೀಕರಿಸಿ, ಲೇಖಪಾಲರೆಂಬ ಹೊಸ ಸಿಬ್ಬಂದಿಯನ್ನು ನೇಮಿಸಿದರು! ದಾಖಲೆ ಯಾರ ಕೈಯಲ್ಲಿದೆಯೋ ಜಮೀನು ಅವರ ಕೈಯಲ್ಲಿದ್ದಂತೆ ಎಂಬುದು ವಕೀಲರಾಗಿದ್ದ ಅವರಿಗೆ ಗೊತ್ತಿತ್ತು.

1953ರಲ್ಲೇ ಹಿಡುವಳಿಗಳನ್ನು ಒಗ್ಗೂಡಿಸುವ ಕಾಯಿದೆಯೂ ಬಂತು. ಇದರ ಬೆಲೆ ಹೊಲದಲ್ಲಿ ನಿಂತವರಿಗೆ ಗೊತ್ತು. ಇಲ್ಲಿ ಅರ್ಧ ಎಕರೆ, ಹಳ್ಳದಾಚೆ ಹತ್ತು ಗುಂಟೆ, ದಿಣ್ಣೆಯ ಮೇಲೆ ಇನ್ನಷ್ಟು ಇದ್ದರೆ ಬಾವಿಯನ್ನು ಎಲ್ಲಿ ತೋಡುವುದು? ಎತ್ತುಗಳು ಉಳುವುದಕ್ಕಿಂತ ನಡೆಯುವುದೇ ಹೆಚ್ಚಾಗುತ್ತದೆ, ಬದುಗಳಿಗೇ ಎಷ್ಟೋ ಭೂಮಿ ಹೋಗುತ್ತದೆ. ತುಂಡುಗಳನ್ನು ಅದಲುಬದಲು ಮಾಡಿ ಒಂದೆರಡು ಕಡೆ ಕೂಡಿಸಿಕೊಟ್ಟ ಮೇಲೆ ಪಶ್ಚಿಮ ಭಾಗದ ಜಿಲ್ಲೆಗಳಲ್ಲಿ ಕೊಳವೆಬಾವಿ ತೋಡಿಸುವುದು ಸುಲಭವಾಯಿತು. 1959ರ ನಾಗಪುರ ಕಾಂಗ್ರೆಸ್ಸಿನಲ್ಲಿ ನೆಹರೂ ಅವರ ಎದುರೇ ಸಹಕಾರಿ ಬೇಸಾಯವನ್ನು ವಿರೋಧಿಸಿದ್ದೂ ಇವರೇ. ಸ್ವಂತ ಸಣ್ಣ ಹಿಡುವಳಿಯಲ್ಲಿ ರೈತ ಹೆಚ್ಚು ಬೆಳೆಯುತ್ತಾನೆಂಬುದು ಅವರ ವಾದ.

ಬಾಗಪತ್ ಲೋಕಸಭಾ ಕ್ಷೇತ್ರಕ್ಕೆ ಮೊದಲ ಚುನಾವಣೆ ನಡೆದದ್ದು 1967ರಲ್ಲಿ. ಪಕ್ಷೇತರ ರಘುವೀರ್ ಸಿಂಗ್ ಶಾಸ್ತ್ರಿ ಗೆದ್ದರು. 1971ರಲ್ಲಿ ಕಾಂಗ್ರೆಸ್ಸಿನ ರಾಮಚಂದ್ರ ವಿಕಲ್ ಗೆದ್ದರು. ಅಷ್ಟರಲ್ಲಿ ಕಾಂಗ್ರೆಸ್ ಬಿಟ್ಟು ಎರಡು ಸಲ ಮುಖ್ಯಮಂತ್ರಿಯಾಗಿದ್ದ ಚರಣ್ ಸಿಂಗರು 1971ರಲ್ಲಿ ಪಕ್ಕದ ಮುಜಫರ್‌ನಗರದಲ್ಲಿ ನಿಂತು ಕಮ್ಯುನಿಸ್ಟ್ ಅಭ್ಯರ್ಥಿಗೆ ಸೋತರು. ಬಾಗಪತ್‌ಗೆ ಬಂದದ್ದು ತುರ್ತುಪರಿಸ್ಥಿತಿಯ ಸೆರೆವಾಸದ ನಂತರ, 1977ರಲ್ಲಿ. ಅಲ್ಲಿಂದ 1977, 1980, 1984 ಮೂರೂ ಸಲ ಗೆದ್ದರು. ಇಂದಿರಾ ಗಾಂಧಿಯವರ ಹತ್ಯೆಯ ನಂತರ ದೇಶವೆಲ್ಲ ಕಾಂಗ್ರೆಸ್ಸಿನತ್ತ ವಾಲಿದಾಗಲೂ ಬಾಗಪತ್ ಅವರನ್ನು ಬಿಡಲಿಲ್ಲ.

ದೆಹಲಿಯಲ್ಲಿ ಅವರಿಗೆ ಅಷ್ಟು ಯಶಸ್ಸಿರಲಿಲ್ಲ. 1979ರಲ್ಲಿ ಅರ್ಥಮಂತ್ರಿಯಾಗಿ ರಸಗೊಬ್ಬರದ ಅಬಕಾರಿ ಸುಂಕವನ್ನು ಅರ್ಧಕ್ಕಿಳಿಸಿದರು. ಜುಲೈ 28ರಂದು ಪ್ರಧಾನಿಯಾದರು. ಇಂದಿರಾ ಕಾಂಗ್ರೆಸ್ ಬೆಂಬಲ ಹಿಂತೆಗೆದುಕೊಂಡಿತು. ಆಗಸ್ಟ್ 20ರಂದು ಲೋಕಸಭೆಯನ್ನು ಎದುರಿಸದೆಯೇ ರಾಜೀನಾಮೆ ಇತ್ತರು. ಜನತಾ ಸರ್ಕಾರ ಒಡೆದದ್ದರಲ್ಲಿ ಅವರ ಪಾಲೂ ಇತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಅವರ ಸುಧಾರಣೆಗಳ ಫಲ ಹೆಚ್ಚಾಗಿ ನೇಗಿಲು ಹಿಡಿದ ಗೇಣಿದಾರನಿಗೆ ಸಿಕ್ಕಿತು. ತುಂಡು ಭೂಮಿಯೂ ಇಲ್ಲದ ಕೂಲಿಯಾಳಿಗೆ ಸಿಕ್ಕಿದ್ದು ಕಡಿಮೆ.

1987ರ ಮೇ 29ರಂದು ಅವರು ತೀರಿಕೊಂಡರು. ಮಗ ಅಜಿತ್ ಸಿಂಗ್ 1989ರಿಂದ ಅದೇ ಕ್ಷೇತ್ರದಲ್ಲಿ ಹಲವು ಸಲ ಗೆದ್ದರೂ 1998ರಲ್ಲಿ ಭಾಜಪದ ಸೋಮ್‌ಪಾಲ್ ಶಾಸ್ತ್ರಿಯವರಿಗೆ ಸೋತರು. 2014ರಲ್ಲಿ ಮೂರನೆಯ ಸ್ಥಾನಕ್ಕೆ ಇಳಿದರು. 2019ರಲ್ಲಿ ಮೊಮ್ಮಗ ಜಯಂತ್ ಚೌಧರಿ ಸುಮಾರು 23 ಸಾವಿರ ಮತಗಳಿಂದ ಸೋತರು. 2024ರಲ್ಲಿ ಚರಣ್ ಸಿಂಗರಿಗೆ ಮರಣೋತ್ತರ ಭಾರತರತ್ನ ಬಂತು. ಅದೇ ವರ್ಷದ ಚುನಾವಣೆಯಲ್ಲಿ ಅವರ ಮನೆಯವರಾರೂ ಬಾಗಪತ್‌ನಲ್ಲಿ ನಿಲ್ಲಲಿಲ್ಲ. ಮೊಮ್ಮಗನ ರಾಷ್ಟ್ರೀಯ ಲೋಕದಳ ಭಾಜಪದೊಂದಿಗೆ ಸೇರಿ ರಾಜ್‌ಕುಮಾರ್ ಸಾಂಗ್ವಾನ್ ಅವರನ್ನು ನಿಲ್ಲಿಸಿತು, ಅವರು ಗೆದ್ದರು.